ಎತ್ತಿಗೆ ಜ್ವರ, ಎಮ್ಮೆಗೆ ಬರೆ: ವರ್ಚುವಲ್ ನೆಟ್‌ವರ್ಕ್ ಕಾರ್ಡಿನ ಎರರ್ ಮೆಸೇಜ್‌ಗಳು

"ಅನೇಬಲ್ ಟು ಸ್ಟಾರ್ಟ್ ವಿಹೋಸ್ಟ್ ನೆಟ್: 5: ಫಾಲಿಂಗ್ ಬ್ಯಾಕ್ ಆನ್ ಯೂಸರ್‌ಸ್ಪೇಸ್ ವರ್ಟ್‌ಐಒ."

ವರ್ಚುವಲ್ ಮಷೀನ್ (ವಿಎಂ) ಓಡಿಸುವ ಕ್ಯೂಎಮು ಎಂಬ ಪ್ರೋಗ್ರಾಂನ ಲಾಗ್‌ನಲ್ಲಿ ಈ ಸಾಲು ಕಂಡರೆ ನೀವು ಏನಂದುಕೊಳ್ಳುತ್ತೀರಿ? ವೇಗದ ದಾರಿ ಸಿಗಲಿಲ್ಲ, ನಿಧಾನದ ದಾರಿ ಹಿಡಿದಿದೆ, ಸದ್ಯಕ್ಕೆ ನೆಟ್‌ವರ್ಕ್ ನಡೆಯುತ್ತೆ, ಬೆಳಿಗ್ಗೆ ನೋಡಿಕೊಂಡರಾಯಿತು. ಹಾಗೇ ಅಲ್ವಾ? ರಾತ್ರಿ ಪಾಳಿಯಲ್ಲಿ ಕೂತವರು ಯಾರಾದರೂ ಹಾಗೇ ಓದುತ್ತಾರೆ. ಆ ಸಾಲು ಹೇಳುತ್ತಿರುವುದೂ ಅದನ್ನೇ.

ಕೆಲವು ಸಲ ಅದು ನಿಜ. ಕೆಲವು ಸಲ ಅಲ್ಲ. ವಿಎಂ ಹೇಗೆ ಕಟ್ಟಿದ್ದಾರೆ ಅನ್ನುವುದರ ಮೇಲೆ ಅದು ನಿಂತಿದೆ, ಮತ್ತು ಅದನ್ನು ಈ ಸಾಲು ಹೇಳುವುದಿಲ್ಲ. ವಿಎಂನ ನೆಟ್‌ವರ್ಕ್ ಪೂರ್ತಿ ಸತ್ತು ಮಲಗಿದ್ದರೂ ಲಾಗ್ ಮಾತ್ರ "ಬೇರೆ ದಾರಿ ಹಿಡಿದಿದ್ದೇನೆ" ಅನ್ನುತ್ತಿರುತ್ತದೆ.

ಇದು ಹೇಗಾಯಿತು ಎಂದು ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ವಿಎಂಗೆ ನಿಜವಾದ ನೆಟ್‌ವರ್ಕ್ ಕಾರ್ಡ್ ಇರುವುದಿಲ್ಲ. ಕ್ಯೂಎಮುವೇ ಕಾರ್ಡಿನ ವೇಷ ಹಾಕುತ್ತದೆ. ವಿಎಂಗಳಿಗೆಂದೇ ಮಾಡಿದ ಅಂತಹ ಒಂದು ವೇಷವೇ ವರ್ಟ್‌ಐಒ. ಗೆಸ್ಟ್ (ವಿಎಂ ಒಳಗೆ ಓಡುವ ಸಿಸ್ಟಂ) ಕಡೆಯಿಂದ ಪ್ಯಾಕೆಟ್ ತಗೊಂಡು, ಹೋಸ್ಟ್ (ವಿಎಂ ಕೂತಿರುವ ನಿಜವಾದ ಮಷೀನ್) ಕರ್ನಲ್‌ನ ಟ್ಯಾಪ್ ಎಂಬ ಸುಳ್ಳು ಇಂಟರ್‌ಫೇಸ್‌ಗೆ ಹಾಕುತ್ತದೆ. ಪ್ರತಿ ಪ್ಯಾಕೆಟ್‌ಗೂ ಕ್ಯೂಎಮು ಎದ್ದು ಕೂರಬೇಕಾದ್ದರಿಂದ ಇದು ನಿಧಾನ. 2010ರಲ್ಲಿ ಲಿನಕ್ಸ್ 2.6.34ರ ಜೊತೆ ವಿಹೋಸ್ಟ್-ನೆಟ್ ಬಂತು. ಪ್ಯಾಕೆಟ್ ಸಾಗಿಸುವ ಕೆಲಸವನ್ನು ಕರ್ನಲ್ಲೇ ವಹಿಸಿಕೊಂಡಿತು. ಅದು ಶುರುವಾಗದಿದ್ದರೆ? ಟ್ಯಾಪ್ ಇನ್ನೂ ಕ್ಯೂಎಮು ಕೈಯಲ್ಲೇ ಇದೆ. ಹಳೆಯ ಹಾಗೆ ತಾನೇ ಸಾಗಿಸುತ್ತದೆ. ಅಂದರೆ ಮೇಲಿನ ಮೆಸೇಜ್ ಬರೆದ ಕಾಲಕ್ಕೆ ಅದರ ಒಂದೊಂದು ಪದವೂ ಸತ್ಯ.

2014ರಲ್ಲಿ ವಿಹೋಸ್ಟ್-ಯೂಸರ್ ಬಂತು. ಇಲ್ಲಿ ಪ್ಯಾಕೆಟ್ ಸಾಗಿಸುವುದು ಕರ್ನಲ್ಲೂ ಅಲ್ಲ, ಕ್ಯೂಎಮುವೂ ಅಲ್ಲ. ಡಿಪಿಡಿಕೆ ಎಂಬ ವೇಗದ ಪ್ಯಾಕೆಟ್ ಲೈಬ್ರರಿ ಬಳಸಿ ಬರೆದ ಸಾಫ್ಟ್‌ವೇರ್ ಸ್ವಿಚ್‌ನಂತಹ ಬೇರೊಂದು ಪ್ರೋಗ್ರಾಂ ಗೆಸ್ಟ್‌ನ ಮೆಮೊರಿಯನ್ನು ಹಂಚಿಕೊಂಡು ಅಲ್ಲಿಂದಲೇ ಪ್ಯಾಕೆಟ್ ಎತ್ತಿಕೊಳ್ಳುತ್ತದೆ. ಕ್ಯೂಎಮುಗೂ ಅದಕ್ಕೂ ನಡುವೆ ಇರುವುದು ಒಂದು ಯುನಿಕ್ಸ್ ಸಾಕೆಟ್, ಅಷ್ಟೇ. ಟ್ಯಾಪ್ ಇಲ್ಲ. ಆ ಇನ್ನೊಂದು ಪ್ರೋಗ್ರಾಂ ಬಿದ್ದುಹೋದರೆ ಕ್ಯೂಎಮುಗೆ ವಾಪಸ್ ಹೋಗಲು ದಾರಿಯೇ ಇಲ್ಲ. ಆದರೆ ವಿಹೋಸ್ಟ್ ಶುರು ಮಾಡುವ ಕೋಡ್ ಎರಡಕ್ಕೂ ಒಂದೇ ಆಗಿತ್ತು. ಅದರೊಳಗಿನ ಮೆಸೇಜ್ ಕೂಡ ಒಂದೇ. ಹೊಸ ಬ್ಯಾಕೆಂಡ್ (ಕಾರ್ಡಿನ ಹಿಂದೆ ನಿಂತು ಪ್ಯಾಕೆಟ್ ಸಾಗಿಸುವ ಭಾಗ) ಸೇರಿಸುವಾಗ ಹಳೆಯ ವಾಕ್ಯವನ್ನು ಯಾರೂ ತೆಗೆದು ಓದಲಿಲ್ಲ.

ಹೀಗಾಗಿ ಯಾರೂ ಸುಳ್ಳು ಬರೆಯದೆಯೇ ಒಂದು ಸುಳ್ಳು ಹುಟ್ಟಿತು. ಇದು ಈ ಲೋಕದ ಎಷ್ಟೋ ಮೆಸೇಜ್‌ಗಳ ಕತೆ. ಅವು ಹೇಳುವುದು ಬಹಳ ಸಲ ನಿಜವೇ. ಒಂದು ಕಾಲದ ನಿಜ, ಇಲ್ಲವೇ ಒಂದು ಮಹಡಿಯ ನಿಜ. ಓದುವವರು ನಿಂತಿರುವುದು ಬೇರೆ ಮಹಡಿಯಲ್ಲಿ.

ಮಹಡಿ ಎಂದೆ. ವರ್ಚುವಲೈಸೇಶನ್ ಅಂದರೆ ಮಹಡಿಗಳ ಕಟ್ಟಡವೇ. ಮೇಲೆ ಯಾವುದೋ ಕ್ಲೌಡ್ ಪೋರ್ಟಲ್, ಅದರ ಕೆಳಗೆ ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್, ಅದರ ಕೆಳಗೆ ಕ್ಯೂಎಮು, ಆಮೇಲೆ ಕರ್ನಲ್, ಕರ್ನಲ್‌ನೊಳಗೆ ಟ್ಯಾಪ್, ಟ್ಯಾಪ್‌ಗಳನ್ನು ಒಂದಕ್ಕೊಂದು ಜೋಡಿಸುವ ಬ್ರಿಡ್ಜ್, ಫೈರ್‌ವಾಲ್. ಇನ್ನೊಂದು ಪಕ್ಕದಲ್ಲಿ ಗೆಸ್ಟ್‌ನ ಡ್ರೈವರ್. ಬಿದ್ದದ್ದು ಒಂದು ಮಹಡಿಯಲ್ಲಿ, ಕೂಗಿದ್ದು ಇನ್ನೊಂದರಲ್ಲಿ, ಕೇಳಿಸಿಕೊಂಡವರು ಮೂರನೆಯದರಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಅದು ಇಲ್ಲಿ ದಿನಾ ನಡೆಯುತ್ತದೆ.

ಲಿಬ್‌ವರ್ಟ್ ಬಳಸಿದವರಿಗೆಲ್ಲ ಗೊತ್ತಿರುವ ಒಂದು ಎರರ್ ನೋಡಿ: "ಕೆನಾಟ್ ಗೆಟ್ ಇಂಟರ್‌ಫೇಸ್ ಎಂಟಿಯು ಆನ್ ಬಿಆರ್0: ನೋ ಸಚ್ ಡಿವೈಸ್." ಎಂಟಿಯು ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ. ಇದನ್ನು ಓದಿದ ಹೊಸಬರು ತಕ್ಷಣ ಎಂಟಿಯು ಹಿಂದೆ ಬೀಳುತ್ತಾರೆ. 1500 ಸರಿ ಇದೆಯಾ, ಜಂಬೋ ಫ್ರೇಮ್ ಯಾರಾದರೂ ಹಾಕಿದ್ದಾರಾ ಅಂತ. ನಿಜವಾದ ಸಂಗತಿ ಬಿಆರ್0 ಎಂಬ ಬ್ರಿಡ್ಜೇ ಇಲ್ಲ. ಕಾನ್ಫಿಗ್‌ನಲ್ಲಿ ಹೆಸರು ತಪ್ಪಿರಬಹುದು, ಬ್ರಿಡ್ಜ್ ಮಾಡಿಯೇ ಇಲ್ಲದಿರಬಹುದು.

ಮತ್ತೆ ಎಂಟಿಯು ಎಲ್ಲಿಂದ ಬಂತು? ಟ್ಯಾಪ್ ಅನ್ನು ಬ್ರಿಡ್ಜ್‌ಗೆ ಸೇರಿಸುವ ಮೊದಲು ಲಿಬ್‌ವರ್ಟ್ ಬ್ರಿಡ್ಜ್‌ನ ಎಂಟಿಯು ಕೇಳಿ ಅದನ್ನೇ ಟ್ಯಾಪ್‌ಗೂ ಹಾಕುತ್ತದೆ. ಬೇರೆ ಎಂಟಿಯು ಇರುವ ಟ್ಯಾಪ್ ಒಳಗೆ ಬಂದರೆ ಬ್ರಿಡ್ಜ್ ತನ್ನದನ್ನೇ ಬದಲಿಸಿಕೊಂಡುಬಿಡಬಹುದು, ಅದಕ್ಕೆ ಈ ಎಚ್ಚರ. ಒಳ್ಳೆಯ ಎಚ್ಚರವೇ. ಆದರೆ ಇದರಿಂದ ಬ್ರಿಡ್ಜ್ ಅನ್ನು ಮೊದಲು ಮುಟ್ಟುವ ಹೆಜ್ಜೆಯೇ ಎಂಟಿಯು ಕೇಳುವ ಹೆಜ್ಜೆ ಆಯಿತು. ಬ್ರಿಡ್ಜ್ ಇಲ್ಲದಿದ್ದರೆ ಎಡವುವುದು ಅಲ್ಲೇ. ಎಡವಿದ ಜಾಗದ ಹೆಸರು ಮೆಸೇಜ್‌ಗೆ ಬಂತು, ಎಡವಿದ ಕಾರಣ ಕೊನೆಯ ಮೂರು ಪದಗಳಲ್ಲಿ ಅಡಗಿ ಕೂತಿತು. ಅನುಭವ ಇದ್ದವರು ಇಂತಹ ಸಾಲನ್ನು ಹಿಂದಿನಿಂದ ಮುಂದಕ್ಕೆ ಓದುತ್ತಾರೆ. ಹೊಸಬರಿಗೆ ಆ ಗುಟ್ಟು ಯಾರು ಹೇಳಬೇಕು?

ವರ್ಚುವಲ್‌ಬಾಕ್ಸ್‌ನಲ್ಲಿ ಇದರ ಅಣ್ಣ ಇದ್ದಾನೆ. ಬ್ರಿಡ್ಜ್ ಅಥವಾ ಹೋಸ್ಟ್-ಓನ್ಲಿ ನೆಟ್‌ವರ್ಕ್ ಆರಿಸಿ ವಿಎಂ ಶುರು ಮಾಡಿದರೆ ಒಮ್ಮೊಮ್ಮೆ "ಇಂಟರ್ನಲ್ ನೆಟ್‌ವರ್ಕ್ ತೆರೆಯಲು ಅಥವಾ ಸೃಷ್ಟಿಸಲು ಆಗಲಿಲ್ಲ" ಎಂಬ ಎರರ್ ಬರುತ್ತದೆ. ಬಳಕೆದಾರ ಇಂಟರ್ನಲ್ ನೆಟ್‌ವರ್ಕ್ ಕೇಳಿರುವುದೇ ಇಲ್ಲ! ಅದೇ ಸೆಟ್ಟಿಂಗ್ಸ್ ಪುಟದಲ್ಲಿ "ಇಂಟರ್ನಲ್ ನೆಟ್‌ವರ್ಕ್" ಎಂಬ ಇನ್ನೊಂದು ಆಯ್ಕೆ ಬೇರೆ ಇದೆ. ನಾನೇನೋ ತಪ್ಪು ಒತ್ತಿದೆ ಅಂದುಕೊಂಡು ಪಾಪ ಅವರು ವಾಪಸ್ ಹೋಗಿ ಹುಡುಕುತ್ತಾರೆ. ವರ್ಚುವಲ್‌ಬಾಕ್ಸ್ ತನ್ನ ಬ್ರಿಡ್ಜ್ ಮತ್ತು ಹೋಸ್ಟ್-ಓನ್ಲಿ ಎರಡನ್ನೂ ಒಳಗೊಳಗೆ ಇಂಟರ್ನಲ್ ನೆಟ್‌ವರ್ಕ್ ಎಂಬ ಪದರದ ಮೇಲೇ ಕಟ್ಟಿದೆ. ಅದು ಅವರ ಅಡುಗೆಮನೆಯ ವಿಷಯ. ಊಟಕ್ಕೆ ಕೂತವರಿಗೆ ಒಲೆಯ ಹೆಸರು ಹೇಳಿ ಏನು ಪ್ರಯೋಜನ? ವಿಂಡೋಸ್ ಹೋಸ್ಟ್‌ಗಳಲ್ಲಿ ಇದಕ್ಕೆ ಕಾರಣ ಬಹಳ ಸಲ ಅಡಾಪ್ಟರ್‌ಗೆ ಬ್ರಿಡ್ಜ್ ಫಿಲ್ಟರ್ ಡ್ರೈವರ್ ಅಂಟಿಕೊಂಡಿಲ್ಲದಿರುವುದು. ಆ ಮಾತು ಮೆಸೇಜ್‌ನಲ್ಲಿ ಎಲ್ಲೂ ಇಲ್ಲ.

ಇನ್ನು ಎರ್ನೋ, ಅಂದರೆ ಎರರ್ ಸಂಖ್ಯೆ. ನನ್ನ ಪ್ರಕಾರ ದಾರಿ ತಪ್ಪಿಸುವ ಮೆಸೇಜ್‌ಗಳಲ್ಲಿ ಜಾಸ್ತಿ ಪಾಲು ಇಲ್ಲಿಂದಲೇ ಬರುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಕರ್ನಲ್ ಮಾತಾಡುವುದು ಅಂಕಿಗಳಲ್ಲಿ. ಕೆಲಸ ಆಗದಿದ್ದರೆ ಒಂದು ಸಂಖ್ಯೆ ಕೊಡುತ್ತದೆ. 1 ಎಂದರೆ ಅನುಮತಿ ಇಲ್ಲ, 2 ಎಂದರೆ ಅಂತಹ ಫೈಲ್ ಇಲ್ಲ, 16 ಎಂದರೆ ಬಿಡುವಿಲ್ಲ, 22 ಎಂದರೆ ಕೊಟ್ಟ ಮಾಹಿತಿ ಸರಿ ಇಲ್ಲ. ಲಿನಕ್ಸ್‌ನಲ್ಲಿ ಇಂತಹವು ಸುಮಾರು 130. ಕರ್ನಲ್‌ನೊಳಗೆ ಸೋಲಲು ಸಾವಿರಾರು ದಾರಿಗಳಿವೆ. ಸಾವಿರಾರು ಕಾರಣಗಳನ್ನು 130 ಡಬ್ಬಿಗಳಿಗೆ ತುಂಬಿದರೆ ಕೆಲವು ಡಬ್ಬಿ ತುಂಬಿ ತುಳುಕುವುದು ಸಹಜ. 22ನೆಯ ಡಬ್ಬಿ, "ಇನ್‌ವ್ಯಾಲಿಡ್ ಆರ್ಗ್ಯುಮೆಂಟ್", ಅದರಲ್ಲಿ ಕುಖ್ಯಾತ.

ಟ್ಯಾಪ್ ತೆರೆಯುವಾಗ ಇದು ಚೆನ್ನಾಗಿ ಕಾಣುತ್ತದೆ. ಕ್ಯೂಎಮು ಮೊದಲು "ಡೆವ್ ನೆಟ್ ಟನ್" ಎಂಬ ಡಿವೈಸ್ ಫೈಲ್ ತೆರೆಯುತ್ತದೆ. ಆಮೇಲೆ "ನನಗೆ ಟ್ಯಾಪ್0 ಕೊಡು" ಎಂದು ಕರ್ನಲ್‌ಗೆ ಕೇಳುತ್ತದೆ. ಕರ್ನಲ್ 22 ಅಂದರೆ ಏನರ್ಥ? ಟ್ಯಾಪ್0 ಅನ್ನು ಒಂದೇ ಕ್ಯೂ (ಪ್ಯಾಕೆಟ್‌ಗಳ ಸಾಲು) ಇರುವಂತೆ ಮೊದಲೇ ಮಾಡಿಟ್ಟಿದ್ದು, ಈಗ ವಿಎಂ ಹಲವು ಕ್ಯೂ ಕೇಳುತ್ತಿರಬಹುದು. ಅಥವಾ ಟ್ಯಾಪ್0 ಎಂಬ ಹೆಸರಿನದು ಟ್ಯಾಪ್ ಅಲ್ಲದೆ ಅದರ ಸೋದರ ಟನ್ (ಐಪಿ ಪ್ಯಾಕೆಟ್ ಮಾತ್ರ ಸಾಗಿಸುವ ಇಂಟರ್‌ಫೇಸ್) ಆಗಿರಬಹುದು. ಅಥವಾ ಆ ಹೆಸರಿನಲ್ಲಿ ಇರುವುದು ಇವೆರಡೂ ಅಲ್ಲದ ಮಾಮೂಲಿ ಕಾರ್ಡ್ ಇರಬಹುದು. ಮೂರಕ್ಕೂ ಪರದೆಯ ಮೇಲೆ ಬರುವುದು ಒಂದೇ ಸಾಲು: "ಕುಡ್ ನಾಟ್ ಕಾನ್ಫಿಗರ್ ಡೆವ್ ನೆಟ್ ಟನ್, ಟ್ಯಾಪ್0: ಇನ್‌ವ್ಯಾಲಿಡ್ ಆರ್ಗ್ಯುಮೆಂಟ್." ಓದಿದವರು ತಮ್ಮ ಕಮಾಂಡ್ ಲೈನ್‌ನಲ್ಲಿ ಅಕ್ಷರದೋಷ ಹುಡುಕುತ್ತಾರೆ. ಆರ್ಗ್ಯುಮೆಂಟ್ ತಪ್ಪು ಅಂದರೆ ಮತ್ತೇನು ಅಂದುಕೊಳ್ಳಬೇಕು?

ಇದೇ ಸಾಲು "ಆಪರೇಶನ್ ನಾಟ್ ಪರ್ಮಿಟೆಡ್" ಎಂದು ಮುಗಿದರೆ ಇನ್ನೂ ಅಪಾಯ. ರೂಟ್ (ಪೂರ್ತಿ ಅಧಿಕಾರದ ಖಾತೆ) ಅಲ್ಲದ ಬಳಕೆದಾರ ಇದನ್ನು ನೋಡುತ್ತಾನೆ. ಮೆಸೇಜ್‌ನಲ್ಲಿ ಒಂದು ಫೈಲಿನ ಹೆಸರಿದೆ, ಅನುಮತಿ ಇಲ್ಲ ಅಂತಿದೆ. ಸರಿ, ಆ ಫೈಲಿನ ಅನುಮತಿ ಸಡಿಲ ಮಾಡುತ್ತಾನೆ. ಏನೂ ಆಗುವುದಿಲ್ಲ, ಯಾಕೆಂದರೆ ಬಹಳಷ್ಟು ಡಿಸ್ಟ್ರೋಗಳಲ್ಲಿ ಆ ಫೈಲನ್ನು ಯಾರು ಬೇಕಾದರೂ ತೆರೆಯಬಹುದು. ತೆರೆದದ್ದೂ ಆಯಿತು. ತಡೆ ಬಂದಿದ್ದು ಆಮೇಲಿನ ಹೆಜ್ಜೆಯಲ್ಲಿ. ಹೊಸ ಟ್ಯಾಪ್ ಮಾಡಲು ನೆಟ್‌ವರ್ಕ್ ಆಡಳಿತದ ಅಧಿಕಾರ ಬೇಕು, ಇಲ್ಲವೇ ಆ ಬಳಕೆದಾರನ ಹೆಸರಿನಲ್ಲಿ ಟ್ಯಾಪ್ ಮೊದಲೇ ಮಾಡಿಟ್ಟಿರಬೇಕು. ಇದು ಗೊತ್ತಾಗದವರು ಕೊನೆಗೆ ಏನು ಮಾಡುತ್ತಾರೆ? ಸುಮ್ನೆ ಇಡೀ ಕ್ಯೂಎಮುವನ್ನು ರೂಟ್ ಆಗಿ ಓಡಿಸುತ್ತಾರೆ. ವಿಎಂ ಶುರುವಾಗುತ್ತದೆ, ಎಲ್ಲರಿಗೂ ಖುಷಿ. ಗೆಸ್ಟ್‌ನಿಂದ ಹೊರಕ್ಕೆ ತಪ್ಪಿಸಿಕೊಂಡ ದಾಳಿಕೋರನಿಗೆ ಹೋಸ್ಟ್‌ನ ಬಾಗಿಲು ತೆರೆದಿಟ್ಟ ಹಾಗೂ ಆಯಿತು. ಕೆಟ್ಟ ಮೆಸೇಜ್ ಅಂದರೆ ಬರೀ ಸಮಯ ಹಾಳು ಎಂದುಕೊಳ್ಳುವವರಿಗೆ ನಾನು ಈ ಉದಾಹರಣೆಯನ್ನೇ ಕೊಡುವುದು.

"ನೋ ಸಚ್ ಡಿವೈಸ್" ಬಗ್ಗೆ ಒಂದೇ ಮಾತು. ಟನ್ ಫೈಲ್ ಕಣ್ಣೆದುರು ಇದೆ, ತೆರೆಯಲು ಹೋದರೆ ಡಿವೈಸ್ ಇಲ್ಲ ಅನ್ನುತ್ತದೆ. ಎಷ್ಟೋ ಸಲ ಕಾರಣ ಇಷ್ಟೇ: ಕರ್ನಲ್ ಅಪ್‌ಡೇಟ್ ಆಗಿದೆ, ಮಷೀನ್ ರೀಬೂಟ್ ಆಗಿಲ್ಲ, ಓಡುತ್ತಿರುವ ಹಳೆಯ ಕರ್ನಲ್‌ನ ಮಾಡ್ಯೂಲ್‌ಗಳನ್ನು ಪ್ಯಾಕೇಜ್ ಮ್ಯಾನೇಜರ್ ಅಳಿಸಿಬಿಟ್ಟಿದೆ.

ಎರ್ನೋದ ಇನ್ನೊಂದು ಕಾಟ ಕೋಡ್ ಬರೆಯುವವರೇ ತಂದುಕೊಳ್ಳುವುದು. "ಫೇಲ್ಡ್: ಸಕ್ಸೆಸ್" ಎಂಬ ಸಾಲು ನೋಡಿದ್ದೀರಾ? ಸೋತಿದೆ, ಕಾರಣ: ಗೆಲುವು. ನಗು ಬರುತ್ತದೆ, ರಾತ್ರಿ ಎರಡು ಗಂಟೆಗೆ ಮಾತ್ರ ಬರುವುದಿಲ್ಲ. ಇದು ಆಗುವುದು ಹೀಗೆ. ಸಿ ಭಾಷೆಯಲ್ಲಿ ಎರರ್ ತಿಳಿಸಲು ಎರಡು ಪದ್ಧತಿ ಇವೆ. ಒಂದು, ಮೈನಸ್ ಒಂದನ್ನು ವಾಪಸ್ ಕೊಟ್ಟು ಎರ್ನೋ ಎಂಬ ಜಾಗದಲ್ಲಿ ಕಾರಣ ಬರೆದಿಡುವುದು. ಇನ್ನೊಂದು, ಕಾರಣದ ಸಂಖ್ಯೆಯನ್ನೇ ಮೈನಸ್ ಮಾಡಿ ವಾಪಸ್ ಕೊಡುವುದು. ವಿಹೋಸ್ಟ್‌ನಂತಹ ಕಡೆ ಎರಡೂ ಕಲಸಿಕೊಂಡಿರುತ್ತವೆ. ಎರಡನೆಯ ಪದ್ಧತಿಯ ಫಂಕ್ಷನ್ ಕರೆದು, ಮೊದಲನೆಯ ಪದ್ಧತಿಯಂತೆ ಎರ್ನೋ ಓದಿದರೆ ಅಲ್ಲಿ ಏನಿರುತ್ತದೆ? ಸೊನ್ನೆ ಇದ್ದರೆ "ಸಕ್ಸೆಸ್". ಇಲ್ಲದಿದ್ದರೆ ಹಿಂದೆ ಯಾವಾಗಲೋ ಬೇರೆ ಯಾರೋ ಬಿಟ್ಟುಹೋದ ಎರರ್.

ಹೀಗೆ ಬಿಟ್ಟುಹೋದವುಗಳಲ್ಲಿ ನನಗೆ ಇಷ್ಟವಾದದ್ದು "ಇನ್‌ಅಪ್ರೋಪ್ರಿಯೇಟ್ ಐಒಕಂಟ್ರೋಲ್ ಫಾರ್ ಡಿವೈಸ್". ಅದರ ಹಳೆಯ ಹೆಸರು "ನಾಟ್ ಎ ಟೈಪ್‌ರೈಟರ್". ಔಟ್‌ಪುಟ್ ಹೋಗುತ್ತಿರುವುದು ಟರ್ಮಿನಲ್‌ಗೋ ಫೈಲ್‌ಗೋ ಎಂದು ಸಿ ಲೈಬ್ರರಿ ಇಣುಕಿ ನೋಡುತ್ತದೆ. ಫೈಲ್ ಆಗಿದ್ದರೆ ಆ ಎರರ್ ಸುಮ್ಮನೆ ಉಳಿದುಬಿಡಬಹುದು. ಆಮೇಲೆ ಯಾರೋ ಎರ್ನೋವನ್ನು ತಪ್ಪು ಹೊತ್ತಿನಲ್ಲಿ ಓದಿದರೆ, ನೆಟ್‌ವರ್ಕ್ ಕಾರ್ಡ್ ಶುರುವಾಗದಿದ್ದಕ್ಕೆ ಕಾರಣ "ಇದು ಟೈಪ್‌ರೈಟರ್ ಅಲ್ಲ" ಎಂದಾಗುತ್ತದೆ. ಇದರ ಮದ್ದು ಸುಲಭ. ಎರರ್ ಬಂದ ತಕ್ಷಣ ಆ ಸಂಖ್ಯೆಯನ್ನು ಬೇರೆ ಕಡೆ ತೆಗೆದಿಟ್ಟುಕೊಳ್ಳಬೇಕು. ಫೈಲ್ ಮುಚ್ಚುವುದು, ಲಾಗ್ ಬರೆಯುವುದು ಎಲ್ಲ ಆಮೇಲೆ. ಎಲ್ಲರಿಗೂ ಗೊತ್ತಿರುವ ಮದ್ದು, ಎಲ್ಲರೂ ಮರೆಯುವ ಮದ್ದು. ಮರೆಯಲು ಕಾರಣವೂ ಇದೆ: ಸೋಲುವ ದಾರಿಯನ್ನು ಯಾರೂ ಓಡಿಸಿ ನೋಡುವುದಿಲ್ಲ. ಟೆಸ್ಟ್‌ಗಳೆಲ್ಲ ಗೆಲ್ಲುವ ದಾರಿಗೆ.

ಏನೂ ಕೆಡದಿದ್ದರೂ ಎರರ್ ಎಂದು ಕೂಗುವುದು ಇನ್ನೊಂದು ಜಾತಿ. 2021ರಲ್ಲಿ ಕ್ಯೂಎಮುಗೆ ಇಬಿಪಿಎಫ್ (ಕರ್ನಲ್‌ನೊಳಗೆ ಓಡುವ ಪುಟ್ಟ ಪ್ರೋಗ್ರಾಂ) ಮೂಲಕ ಪ್ಯಾಕೆಟ್‌ಗಳನ್ನು ಹಲವು ಕ್ಯೂಗಳಿಗೆ ಹಂಚುವ ಸೌಲಭ್ಯ ಬಂತು. ಇಬಿಪಿಎಫ್ ಪ್ರೋಗ್ರಾಂ ಅನ್ನು ಕರ್ನಲ್‌ಗೆ ಹಾಕಲು ವಿಶೇಷ ಅಧಿಕಾರ ಬೇಕು. ಲಿಬ್‌ವರ್ಟ್ ಕೆಳಗೆ ಓಡುವ ಕ್ಯೂಎಮುಗೆ ಸುರಕ್ಷತೆಯ ದೃಷ್ಟಿಯಿಂದ ಆ ಅಧಿಕಾರವನ್ನು ಕೊಡುವುದಿಲ್ಲ. ಅಂದರೆ ಸಾಮಾನ್ಯ ಸ್ಥಿತಿಯಲ್ಲೇ ಆ ಪ್ರಯತ್ನ ಸೋಲುತ್ತದೆ. ಆಮೇಲೆ ಕ್ಯೂಎಮು ತಾನೇ ಸಾಫ್ಟ್‌ವೇರ್‌ನಲ್ಲಿ ಹಂಚುತ್ತದೆ, ಕೆಲಸ ನಡೆಯುತ್ತದೆ. ಇದನ್ನು ಲಾಗ್‌ನಲ್ಲಿ ಹೇಳಬೇಕಾ? ಬಳಕೆದಾರ ಆ ಸೌಲಭ್ಯವನ್ನು ಬೇಕೆಂದೇ ಕೇಳಿದ್ದರೆ ಖಂಡಿತ ಹೇಳಬೇಕು. ಕೇಳದೇ ಇದ್ದವರಿಗೆ, ಪ್ರತಿ ವಿಎಂ ಶುರುವಾದಾಗಲೂ "ಲೋಡ್ ಮಾಡಲಾಗಲಿಲ್ಲ" ಎಂದು ಚೀರುವುದು ಯಾಕೆ? ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕತೆ ಎಲ್ಲರಿಗೂ ಗೊತ್ತು. ನಾಲ್ಕು ದಿನ ಆದ ಮೇಲೆ ಲಾಗ್‌ನಲ್ಲಿ ಕೆಂಪು ಸಾಲು ಕಂಡರೆ "ಅದು ಯಾವಾಗಲೂ ಬರುತ್ತೆ ಬಿಡಿ" ಅನ್ನುತ್ತಾರೆ. ಐದನೆಯ ದಿನದ ಸಾಲು ಬೇರೆಯದಾಗಿರುತ್ತದೆ.

ಇದನ್ನು ಸರಿಯಾಗಿ ಮಾಡಿದ ಉದಾಹರಣೆ ಕೂಡ ಅದೇ ಕೋಡ್‌ನಲ್ಲಿದೆ. ಟ್ಯಾಪ್‌ಗೆ ಆಫ್‌ಲೋಡ್ (ಪ್ಯಾಕೆಟ್ ಒಡೆಯುವಂತಹ ಕೆಲಸವನ್ನು ಬೇರೆಯವರಿಗೆ ವಹಿಸುವ ಸೌಲಭ್ಯ) ಹಾಕುವ ಮೊದಲು ಕ್ಯೂಎಮು ಸೊನ್ನೆ ಕೊಟ್ಟು ಒಮ್ಮೆ ಕೇಳಿ ನೋಡುತ್ತದೆ. ಕರ್ನಲ್ 22 ಅಂದರೆ ಇದಕ್ಕೆ ಆ ಸೌಲಭ್ಯವೇ ಗೊತ್ತಿಲ್ಲ ಎಂದು ತಿಳಿದು ಸುಮ್ಮನೆ ವಾಪಸ್ ಬರುತ್ತದೆ, ಸದ್ದಿಲ್ಲ. ಗೊತ್ತಿದ್ದೂ ನಿಜವಾಗಿ ಹಾಕುವಾಗ ಸೋತರೆ ಮಾತ್ರ ಎರರ್. ಇದೆಯಾ ಎಂದು ವಿಚಾರಿಸುವುದಕ್ಕೂ ಕೊಡು ಎಂದು ಕೇಳುವುದಕ್ಕೂ ನಡುವಿನ ವ್ಯತ್ಯಾಸ ಇಷ್ಟೇ, ನಾಲ್ಕು ಸಾಲು ಕೋಡ್.

ಲೈವ್ ಮೈಗ್ರೇಶನ್‌ಗೆ ಬಂದರೆ ಮಹಡಿಗಳ ಜೊತೆ ಕಟ್ಟಡವೂ ಎರಡಾಗುತ್ತದೆ. ಓಡುತ್ತಿರುವ ವಿಎಂ ಅನ್ನು ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ಅದರ ನೆಟ್‌ವರ್ಕ್ ಕಾರ್ಡ್‌ಗೆ ಅಲ್ಲಿದ್ದ ಸೌಲಭ್ಯಗಳೆಲ್ಲ ಇಲ್ಲೂ ಇರಬೇಕು. ಇಲ್ಲದಿದ್ದರೆ ಕ್ಯೂಎಮು ಹೇಳುವುದು ಹೀಗೆ: ಈ ಹೆಕ್ಸ್ ಸಂಖ್ಯೆಯ ಫೀಚರ್‌ಗಳು ಬೆಂಬಲಿತವಲ್ಲ, ಅನುಮತಿ ಇರುವುದು ಆ ಹೆಕ್ಸ್ ಸಂಖ್ಯೆ. ಅದರ ಕೆಳಗೆ, ಇಂಥ ಡಿವೈಸಿನ ಸ್ಥಿತಿ ಓದುವಾಗ ಎರರ್. ಅದರ ಕೆಳಗೆ, ಮೈಗ್ರೇಶನ್ ಲೋಡ್ ಆಗಲಿಲ್ಲ: ಆಪರೇಶನ್ ನಾಟ್ ಪರ್ಮಿಟೆಡ್. ಮತ್ತೆ ಅದೇ 1! ಮೇಲಿನ ಮಹಡಿಗೆ ಹೋಗಿ ಮುಟ್ಟುವುದು ಬಹಳ ಸಲ ಈ ಕೊನೆಯ ಸಾಲು ಮಾತ್ರ.

ಮೊದಲ ಸಾಲು ಸಿಕ್ಕರೂ ಲೆಕ್ಕ ಮಾಡಬೇಕು. ಒಂದು ಸಂಖ್ಯೆಯಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಬಿಟ್ ಯಾವುದು? 10ನೆಯ ಬಿಟ್ ಎಂದಿಟ್ಟುಕೊಳ್ಳಿ. ವರ್ಟ್‌ಐಒ ನಿಯಮಗಳ ಪಟ್ಟಿ ತೆಗೆದರೆ 10 ಎಂದರೆ ಗೆಸ್ಟ್ ಯುಎಫ್‌ಒ, ದೊಡ್ಡ ಯುಡಿಪಿ ಪ್ಯಾಕೆಟ್‌ಗಳನ್ನು ಒಡೆಯದೆ ಗೆಸ್ಟ್‌ಗೆ ಕೊಡುವ ಸೌಲಭ್ಯ. ಇದು ಊಹೆಯ ಉದಾಹರಣೆ ಅಲ್ಲ. 2017ರಲ್ಲಿ ಲಿನಕ್ಸ್ 4.14 ಯುಎಫ್‌ಒ ಸೌಲಭ್ಯವನ್ನು ತೆಗೆದುಹಾಕಿತು. ಹಳೆಯ ಕರ್ನಲ್‌ನ ಹೋಸ್ಟ್‌ನಿಂದ ಹೊಸದಕ್ಕೆ ವಿಎಂ ಸಾಗಿಸಲು ಹೋದವರು ಗೋಡೆಗೆ ಬಡಿದುಕೊಂಡರು. ಆಮೇಲೆ ಟನ್, ಟ್ಯಾಪ್‌ಗಳ ಮಟ್ಟಿಗೆ ಅದನ್ನು ವಾಪಸ್ ತರಬೇಕಾಯಿತು. ವರ್ಟ್‌ಐಒ ನೆಟ್‌ನ ಕೋಡ್‌ನಲ್ಲೇ ಇದಕ್ಕಾಗಿ ಇನ್ನೊಂದು ಮೆಸೇಜ್ ಇದೆ: ಉಳಿಸಿಟ್ಟ ಇಮೇಜ್‌ಗೆ ಟನ್ ಯುಎಫ್‌ಒ ಬೆಂಬಲ ಬೇಕು ಎಂದು. ಒರಟಾಗಿದೆ, ಒಳಗಿನ ಹೆಸರು ಬಳಸಿದೆ, ಆದರೂ ಹೆಕ್ಸ್‌ಗಿಂತ ನೂರು ಪಾಲು ವಾಸಿ. ಹುಡುಕಲು ಒಂದು ಪದವಾದರೂ ಸಿಕ್ಕಿತಲ್ಲ. ಯಂತ್ರಕ್ಕೆ ಬಿಟ್‌ನ ಹೆಸರು ಗೊತ್ತಿದೆ. ಮನುಷ್ಯನಿಗೆ ಗೊತ್ತಿಲ್ಲ. ಹಾಗಿದ್ದೂ ಲೆಕ್ಕ ಮಾಡುವ ಕೆಲಸವನ್ನು ಮನುಷ್ಯನಿಗೆ ಕೊಡುವುದು ಸೋಮಾರಿತನ ಅಷ್ಟೇ.

ಗೆಸ್ಟ್ ಒಳಗೂ ಇಂತಹ ಮಾಯೆ ಇದೆ. ಒಂದು ಕಾಲದಲ್ಲಿ ಹಳೆಯ ಡಿಎಚ್‌ಸಿಪಿ ಕ್ಲೈಂಟ್‌ಗಳು ವಿಎಂಗಳಲ್ಲಿ "5 ಪ್ಯಾಕೆಟ್‌ಗಳಲ್ಲಿ 5 ಕೆಟ್ಟ ಯುಡಿಪಿ ಚೆಕ್‌ಸಮ್" ಎನ್ನುತ್ತಾ ಐಪಿ ವಿಳಾಸ ಸಿಗದೆ ಕೂರುತ್ತಿದ್ದವು. ಚೆಕ್‌ಸಮ್ ಅಂದರೆ ಡೇಟಾ ಕೆಟ್ಟಿಲ್ಲ ಎಂದು ತಾಳೆ ನೋಡುವ ಸಂಖ್ಯೆ. ಓದಿದರೆ ತಂತಿಯಲ್ಲೇ ಡೇಟಾ ಕೆಡುತ್ತಿದೆ ಅನ್ನಿಸುತ್ತದೆ. ಆದರೆ ಇಲ್ಲಿ ತಂತಿಯೇ ಇಲ್ಲ. ಒಂದೇ ಮಷೀನಿನ ಒಳಗೆ ಪ್ಯಾಕೆಟ್ ಓಡಾಡುವಾಗ ಚೆಕ್‌ಸಮ್ ಲೆಕ್ಕ ಹಾಕುವುದು ದಂಡ ಎಂದು ವರ್ಟ್‌ಐಒ ಅದನ್ನು ಖಾಲಿ ಬಿಡುತ್ತದೆ. ಚೆಕ್‌ಸಮ್ ಕೆಟ್ಟಿರಲಿಲ್ಲ, ಇನ್ನೂ ಬರೆದೇ ಇರಲಿಲ್ಲ. ಹಳೆಯ ಕ್ಲೈಂಟ್‌ಗಳಿಗಾಗಿ ಐಪಿಟೇಬಲ್ಸ್ ಎಂಬ ಫೈರ್‌ವಾಲ್‌ನಲ್ಲಿ ಚೆಕ್‌ಸಮ್ ತುಂಬುವ ನಿಯಮವೊಂದನ್ನೇ ಸೇರಿಸಬೇಕಾಯಿತು. ಇವತ್ತಿಗೂ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿದರೆ ಹೊರಹೋಗುವ ಪ್ಯಾಕೆಟ್‌ಗಳಿಗೆ "ಇನ್‌ಕರೆಕ್ಟ್" ಎಂಬ ಹಣೆಪಟ್ಟಿ ಕಾಣುತ್ತದೆ. ಅಷ್ಟೇ ಕಾರಣ.

ಗೆಸ್ಟ್ ಮಾಡಿದ ತಪ್ಪನ್ನು ಹೋಸ್ಟ್ ಎಲ್ಲಿ ಬರೆಯಬೇಕು ಎಂಬುದೂ ನಾಜೂಕಿನ ಪ್ರಶ್ನೆ. ಗೆಸ್ಟ್‌ನ ಡ್ರೈವರ್ ಅರ್ಥವಿಲ್ಲದ ಡಿಸ್ಕ್ರಿಪ್ಟರ್ (ಪ್ಯಾಕೆಟ್ ಎಲ್ಲಿದೆ ಎಂದು ಹೇಳುವ ಚೀಟಿ) ಕಳಿಸಿದಾಗಲೆಲ್ಲ ಒಂದು ಸಾಲು ಎರರ್ ಬರೆದರೆ, ಕಿಡಿಗೇಡಿ ಗೆಸ್ಟ್ ಹೋಸ್ಟ್‌ನ ಡಿಸ್ಕನ್ನೇ ಲಾಗ್‌ನಿಂದ ತುಂಬಿಸಬಹುದು. ಅದಕ್ಕೇ ಕ್ಯೂಎಮುನಲ್ಲಿ ಗೆಸ್ಟ್‌ನ ತಪ್ಪುಗಳಿಗೆ ಬೇರೆಯೇ ಲಾಗ್ ವರ್ಗ ಇದೆ, ಕೇಳಿದರೆ ಮಾತ್ರ ತೆರೆಯುತ್ತದೆ. ಒಮ್ಮೆ ಮಾತ್ರ ಎಚ್ಚರಿಸಿ ಸುಮ್ಮನಾಗುವ ಫಂಕ್ಷನ್ ಕೂಡ ಇದೆ.

ಹಾಗಾದರೆ ಒಳ್ಳೆಯ ಮೆಸೇಜ್ ಬರೆಯುವುದು ಯಾರ ಕೆಲಸ? ನನ್ನ ಉತ್ತರ: ಬಳಕೆದಾರ ಏನು ಕೇಳಿದ ಎಂದು ಗೊತ್ತಿರುವ ಮಹಡಿಯ ಕೆಲಸ. ಏನು ನಡೆಯಿತು ಎಂದು ಕೆಳಗಿನ ಮಹಡಿ ಹೇಳಲಿ, ಯಾವ ಕೆಲಸಕ್ಕೆ ಹೋಗಿ ಹಾಗಾಯಿತು ಎಂದು ಮೇಲಿನದು ಸೇರಿಸಲಿ. ಕ್ಯೂಎಮುನಲ್ಲಿ ಇದಕ್ಕೆ ಬೇಕಾದ ಸಲಕರಣೆ ಇದೆ. ಎರರ್ ಅನ್ನು ಕಂಡಲ್ಲೇ ಪರದೆಗೆ ಚೆಲ್ಲದೆ, ಒಂದು ವಸ್ತುವಾಗಿ ಮಾಡಿ ಕರೆದವರ ಕೈಗೆ ಕೊಡಬಹುದು. ಕರೆದವರು ಅದರ ಮುಂದೆ ತಮ್ಮ ಮಾತು ಸೇರಿಸಬಹುದು, ಎಚ್ಚರಿಕೆಯಾಗಿ ಇಳಿಸಬಹುದು, ಬೇರೆ ದಾರಿ ಸಿಕ್ಕರೆ ಎಸೆಯಲೂಬಹುದು. ಮೊದಲ ಪ್ರಯತ್ನ ಸೋತು ಎರಡನೆಯದು ಗೆದ್ದಾಗ ಮೊದಲನೆಯದರ ಅಳು ಯಾರಿಗೂ ಕೇಳಬೇಕಿಲ್ಲ. ಆದರೆ ನೆಟ್‌ವರ್ಕ್ ಕೋಡ್‌ನ ಹಳೆಯ ಮೂಲೆಗಳಲ್ಲಿ ಕಂಡಲ್ಲೇ ಚೆಲ್ಲುವ ಅಭ್ಯಾಸ ಇನ್ನೂ ಇದೆ. ಕೆಳಗಿನವನೂ ಚೆಲ್ಲುತ್ತಾನೆ, ಮೇಲಿನವನೂ ಚೆಲ್ಲುತ್ತಾನೆ, ಒಂದೇ ಸೋಲಿಗೆ ಮೂರು ಸಾಲು.

ಸುಳಿವು ಕೊಟ್ಟರೆ ಸಾಕಲ್ಲ ಎಂದು ಕೆಲವರು ಹೇಳುತ್ತಾರೆ. "ರೂಟ್ ಆಗಿ ಓಡಿಸಿ ನೋಡಿದ್ದೀರಾ?" ಎಂಬಂತಹ ಸುಳಿವುಗಳು. ನನಗೆ ಇವುಗಳ ಮೇಲೆ ನಂಬಿಕೆ ಕಡಿಮೆ. ಮೂರರಲ್ಲಿ ಒಂದು ಕಾರಣವನ್ನು ಊಹಿಸಿ ಹೇಳಿದರೆ ಉಳಿದ ಇಬ್ಬರಿಗೆ ದಾರಿ ತಪ್ಪಿಸಿದ ಹಾಗೆ. ಟ್ಯಾಪ್0ರ ವಿಷಯದಲ್ಲಿ "ಕ್ಯೂಗಳು ಹೊಂದುತ್ತಿಲ್ಲ" ಎಂದು ಊಹಿಸುವ ಬದಲು, ಆ ಟ್ಯಾಪ್‌ನ ಈಗಿನ ಸ್ಥಿತಿಯನ್ನು ಕರ್ನಲ್‌ಗೆ ಕೇಳಿ "ನೀವು 4 ಕ್ಯೂ ಕೇಳಿದ್ದೀರಿ, ಟ್ಯಾಪ್0 ಇರುವುದು ಒಂದು ಕ್ಯೂಗೆ" ಎನ್ನಬಹುದು. ಕೇಳಲು ಆಗದಿದ್ದರೆ ಏನು ಕೇಳಿದೆವು ಎಂಬುದನ್ನಾದರೂ ಬರೆಯಬಹುದು. ಅದು ಊಹೆಯಲ್ಲ. ಅಲ್ಲದೆ ಕ್ಯೂಎಮುನ ಸುಳಿವುಗಳಿಗೆ ಒಂದು ಮಿತಿ ಇದೆ: ಅವು ಕಮಾಂಡ್ ಲೈನ್‌ನಲ್ಲಿ ಕೂತ ಮನುಷ್ಯನಿಗೆ ಮಾತ್ರ. ಲಿಬ್‌ವರ್ಟ್‌ನಂತಹ ಪ್ರೋಗ್ರಾಂ ಮಾತಾಡುವ ಕ್ಯೂಎಂಪಿ ದಾರಿಯಲ್ಲಿ ಅವು ಹೋಗುವುದೇ ಇಲ್ಲ. ಆ ಫಂಕ್ಷನ್‌ನ ವಿವರಣೆಯಲ್ಲೇ ಬರೆದಿದ್ದಾರೆ, ಇದು ಗೊಂದಲದ ಮೆಸೇಜನ್ನು ಬಿಡಿಸಿ ಹೇಳಲು ಇರುವುದಲ್ಲ ಎಂದು. ಮುಖ್ಯ ವಾಕ್ಯವನ್ನೇ ಸರಿ ಬರೆಯಬೇಕು.

ಸರಿ ಬರೆದರೆ ಏನಾಗುತ್ತದೆ ಎನ್ನುವುದಕ್ಕೆ ಸಾಕ್ಷಿ ಬೇಕಿದ್ದರೆ ಯೂಸರ್ ನೆಟ್‌ವರ್ಕ್ ನೋಡಿ. ಟ್ಯಾಪ್, ಬ್ರಿಡ್ಜ್ ಯಾವುದೂ ಇಲ್ಲದೆ ವಿಎಂಗೆ ನೆಟ್ ಕೊಡುವ ಈ ಸುಲಭದ ದಾರಿಗೆ ಲಿಬ್‌ಸ್ಲಿರ್ಪ್ ಎಂಬ ಲೈಬ್ರರಿ ಬೇಕು. 2022ರ ಡಿಸೆಂಬರ್‌ನಲ್ಲಿ ಬಂದ ಕ್ಯೂಎಮು 7.2ರಿಂದ ಅದು ಜೊತೆಗೆ ಬರುವುದು ನಿಂತಿತು, ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ಹಾಕದೆ ಕಂಪೈಲ್ ಮಾಡಿದವರ ಯೂಸರ್ ನೆಟ್‌ವರ್ಕ್ ಮಾಯ. ಇಂತಹ ಸಂದರ್ಭಕ್ಕೆ ಕ್ಯೂಎಮುನಲ್ಲಿ ಇದ್ದ ಹಳೆಯ ಮೆಸೇಜ್: "ಟೈಪ್ ಎಂಬಲ್ಲಿ ನೆಟ್‌ಡೆವ್ ಬ್ಯಾಕೆಂಡ್‌ನ ವಿಧ ಬರಬೇಕು." ನೀವು ಬರೆದದ್ದು ಬ್ಯಾಕೆಂಡ್‌ನ ಹೆಸರೇ, ಸ್ಪೆಲ್ಲಿಂಗ್ ಸರಿ ಇದೆ, ಕೈಪಿಡಿಯಲ್ಲೂ ಹಾಗೇ ಇದೆ. ಆದರೂ ನಿಮ್ಮದೇ ತಪ್ಪು ಎನ್ನುತ್ತದೆ. ಹೊಸ ಮೆಸೇಜ್: "ನೆಟ್‌ವರ್ಕ್ ಬ್ಯಾಕೆಂಡ್ 'ಯೂಸರ್' ಈ ಬೈನರಿಯಲ್ಲಿ ಕಂಪೈಲ್ ಆಗಿಲ್ಲ." ಓದಿದ ತಕ್ಷಣ ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತದೆ. ಬದಲಾದದ್ದು ಒಂದು ವಾಕ್ಯ.

ಮೊದಲ ಸಾಲಿಗೆ ವಾಪಸ್ ಬರೋಣ. ಅದನ್ನು ಸರಿ ಮಾಡುವುದೂ ಕಷ್ಟವಲ್ಲ. ಬ್ಯಾಕೆಂಡ್ ಟ್ಯಾಪ್ ಆಗಿದ್ದರೆ ಹಳೆಯ ಮಾತು ಇರಲಿ, ಎರರ್ ಬದಲು ಎಚ್ಚರಿಕೆಯಾಗಿ. ವಿಹೋಸ್ಟ್-ಯೂಸರ್ ಆಗಿದ್ದರೆ "ಬ್ಯಾಕೆಂಡ್ ಶುರುವಾಗಲಿಲ್ಲ, ಈ ಕಾರ್ಡ್‌ನಲ್ಲಿ ಪ್ಯಾಕೆಟ್ ಓಡುವುದಿಲ್ಲ" ಎಂದು ನೇರವಾಗಿ. ಜೊತೆಗೆ ಯಾವ ಕಾರ್ಡ್ ಎಂಬ ಹೆಸರು. 5 ಎಂಬ ಬರೀ ಅಂಕಿಯ ಜಾಗದಲ್ಲಿ "ಇನ್‌ಪುಟ್ ಔಟ್‌ಪುಟ್ ಎರರ್" ಎಂಬ ಪದಗಳು. ನಾಲ್ಕು ಕಾರ್ಡ್ ಇರುವ ವಿಎಂನಲ್ಲಿ ಆ ಹೆಸರೊಂದೇ ಅರ್ಧ ಗಂಟೆ ಉಳಿಸುತ್ತದೆ.

ತೊಡಕು ಇರುವುದು ಬೇರೆ ಕಡೆ. ಕ್ಯೂಎಂಪಿಯಲ್ಲಿ ಎರರ್‌ಗೆ ಒಂದು ವರ್ಗ, ಒಂದು ವಿವರಣೆ ಇರುತ್ತದೆ. ಬಹುಪಾಲು ಎಲ್ಲದರ ವರ್ಗವೂ "ಜೆನೆರಿಕ್ ಎರರ್". ವಿವರಣೆ ಮನುಷ್ಯರಿಗಾಗಿ, ಪ್ರೋಗ್ರಾಂಗಳು ಅದನ್ನು ನಂಬಬಾರದು ಎಂಬುದು ನಿಯಮ. ಆದರೆ ವರ್ಗದಿಂದ ಏನೂ ತಿಳಿಯದಿದ್ದಾಗ ಪ್ರೋಗ್ರಾಂ ಬರೆಯುವವರು ಏನು ಮಾಡುತ್ತಾರೆ? ವಿವರಣೆಯಲ್ಲಿ ಪದ ಹುಡುಕುತ್ತಾರೆ. ಲಾಗ್ ಕಾಯುವ ಸ್ಕ್ರಿಪ್ಟ್‌ಗಳೂ ಅಷ್ಟೇ, ಈಗ ಲಾಗ್ ಓದಿ ಉತ್ತರ ಕೊಡುವ ಎಐ ಸಹಾಯಕರೂ ಅಷ್ಟೇ. "ಫಾಲಿಂಗ್ ಬ್ಯಾಕ್" ಎಂದು ಕಂಡರೆ ತೊಂದರೆ ಇಲ್ಲ ಎಂದು ಗುರುತು ಹಾಕಿಕೊಂಡಿರುವ ಸ್ಕ್ರಿಪ್ಟ್ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಆ ಸಾಲನ್ನು ಬದಲಿಸಿದ ದಿನ ಅದರ ಒಡೆಯರಿಂದ ಬಗ್ ರಿಪೋರ್ಟ್ ಬರುತ್ತದೆ: ಮೊನ್ನೆಯವರೆಗೆ ಎಲ್ಲ ಚೆನ್ನಾಗಿತ್ತು, ಹೊಸ ವರ್ಷನ್ ಹಾಕಿದ ಮೇಲೆ ಎರರ್ ಬರ್ತಿದೆ ಅಂತ.